ಒಂದೇ ಹವಳಕ್ಕೆ ಮೂರು ಕಡೆ ಮೂರು ಹೆಸರು. ಬಬಲ್‌ಗಮ್ ಹವಳ ಯಾವ ಕುಟುಂಬದ್ದು?

ಚಾರ್ಟ್‌ಪೇಪರ್ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ "ಆಳ ಸಮುದ್ರದ ಮೆದು ಹವಳ" ಅಂತ ವಿಷಯ ಆರಿಸಿಕೊಂಡಿದ್ದಾಳೆ. ಕತ್ತಲ ನೀರಿನಲ್ಲಿ ಗುಲಾಬಿ ಬಣ್ಣದ ಮರ ನಿಂತ ಹಾಗಿರುವ ಒಂದು ಹವಳದ ವಿಡಿಯೋ ನೋಡಿ ಮನಸೋತಿದ್ದಾಳೆ. ಕೊಂಬೆಗಳ ತುದಿ ಯಾರೋ ಜಗಿದು ಅಂಟಿಸಿದ ಬಬಲ್‌ಗಮ್ ಥರ ಉಂಡೆಯುಂಡೆ. ಅದಕ್ಕೇ ಬಬಲ್‌ಗಮ್ ಹವಳ ಅಂತ ಹೆಸರು.

ಚಿತ್ರ ಬಿಡಿಸಿ ಆಯಿತು. ವರ್ಗೀಕರಣ ಬರೆಯುವ ಹೊತ್ತಿಗೆ ಸಿಕ್ಕಿಬಿದ್ದೆವು. ಒಂದು ಕಡೆ ಪ್ಯಾರಾಗಾರ್ಜಿಡೀ ಕುಟುಂಬ, ಇನ್ನೊಂದು ಕಡೆ ಕೊರಾಲಿಡೀ ಕುಟುಂಬ. ಗಣ ಒಂದು ಕಡೆ ಆಲ್ಸಿಯೋನೇಸಿಯಾ, ಮತ್ತೊಂದು ಕಡೆ ಉಚ್ಚರಿಸಲೂ ಬಾರದ ಯಾವುದೋ ಉದ್ದದ ಹೆಸರು. ಹಳೆಯ ಪುಸ್ತಕದಲ್ಲಿ ಪ್ರಾಣಿಯ ಹೆಸರೇ ಬೇರೆ, ಆಲ್ಸಿಯೋನಿಯಂ ಆರ್ಬೋರಿಯಂ. ಹೋಗಲಿ, ಇದು ಮೆದು ಹವಳ ಹೌದೋ ಅಲ್ಲವೋ? ಸೋಮವಾರ ಚಾರ್ಟ್ ಕೊಡಬೇಕು.

ಉಪ್ಪುನೀರು

ಮೂರೂ ಸರಿ. ಮೂರೂ ಬೇರೆ ಬೇರೆ ಕಾಲದವು, ಅಷ್ಟೇ. ರಾತ್ರಿ ಕೂತು ಬರೆಯುತ್ತೇನೆ, ಈಗ ಬಸ್ಸಿನಲ್ಲಿದ್ದೇನೆ.

ಗೂಗಲಾಚಾರಿ

ಇದಕ್ಕೆ ಇಷ್ಟು ತಲೆ ಯಾಕೆ? ಹೊಸದು ಯಾವುದೋ ಅದನ್ನ ಬರೆದು ಮುಗಿಸಿ.

ಚಾರ್ಟ್‌ಪೇಪರ್ ಅಪ್ಪ

ಹೊಸದು ಯಾವುದು ಅಂತ ಗೊತ್ತಾಗದೇ ತಾನೇ ಇಲ್ಲಿ ಬಂದು ಕೇಳಿದ್ದು ಮಾರಾಯರೇ.

ಉಪ್ಪುನೀರು

ಸರಿ, ಮನೆ ಸೇರಿದೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಾನು ಎಂಎಸ್ಸಿ ಮಾಡುವಾಗ ಎರಡು ವರ್ಷ ಮೆದು ಹವಳಗಳ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕಣ್ಣು ಕೆಡಿಸಿಕೊಂಡವನು. ಈ ವಿಷಯ ಬಂದರೆ ಬಾಯಿ ನಿಲ್ಲುವುದಿಲ್ಲ.

ಕಥೆ ಶುರುವಾಗುವುದು 1758ರಲ್ಲಿ. ಸ್ವೀಡನ್ನಿನ ಲಿನೇಯಸ್ ಆ ವರ್ಷ ತನ್ನ ದೊಡ್ಡ ಪಟ್ಟಿಯ ಹತ್ತನೇ ಆವೃತ್ತಿ ಹೊರಗೆ ತಂದ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಇಡುವುದೇ ಅಲ್ಲಿಂದ. ನಾರ್ವೆಯ ಕಡಲಿನ ಈ ಮರದಂಥ ಪ್ರಾಣಿಗೆ ಆತ ಇಟ್ಟ ಹೆಸರು ಆಲ್ಸಿಯೋನಿಯಂ ಆರ್ಬೋರಿಯಂ. ಆರ್ಬೋರ್ ಅಂದರೆ ಲ್ಯಾಟಿನ್‌ನಲ್ಲಿ ಮರ. ಆಲ್ಸಿಯೋನಿಯಂ ಅನ್ನುವ ಕುಲದಲ್ಲಿ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಾಣಿಯೂ ಇತ್ತು, ಆಲ್ಸಿಯೋನಿಯಂ ಡಿಜಿಟೇಟಮ್. ಯುರೋಪಿನ ತೀರದಲ್ಲಿ ಅದನ್ನು "ಸತ್ತವನ ಬೆರಳು" ಅಂತ ಕರೆಯುತ್ತಾರೆ. ಒತ್ತಿದರೆ ತಗ್ಗುವ, ಒಳಗೆ ಗಟ್ಟಿ ಕಡ್ಡಿ ಇಲ್ಲದ ಪಕ್ಕಾ ಮೆದು ಹವಳ. ಲಿನೇಯಸ್ ಕಣ್ಣಿಗೆ ಎರಡೂ ಒಂದೇ ಜಾತಿಯ ಮೆದು ವಸ್ತುಗಳಾಗಿ ಕಂಡವು.

ನೂರು ವರ್ಷದ ನಂತರ, 1857ರಲ್ಲಿ, ಫ್ರಾನ್ಸಿನ ಮಿಲ್ನ್ ಎಡ್ವರ್ಡ್ಸ್ "ಇದು ಸತ್ತವನ ಬೆರಳಿನ ಜೊತೆ ಕೂರುವ ಪ್ರಾಣಿ ಅಲ್ಲ" ಅಂತ ಹೊಸ ಕುಲ ಮಾಡಿದರು. ಪ್ಯಾರಾಗಾರ್ಜಿಯಾ. ಗಾರ್ಗೋನಿಯಾ ಅನ್ನುವುದು ಕಡಲ ಬೀಸಣಿಗೆಯ, ಅಂದರೆ ಬೀಸಣಿಗೆಯ ಹಾಗೆ ಹರಡಿ ನಿಲ್ಲುವ ಹವಳದ, ಕುಲ. ಅದರ ಪಕ್ಕದ್ದು, ಅದರ ಹಾಗೆ ಇರುವುದು ಅನ್ನುವ ಅರ್ಥ. 1916ರಲ್ಲಿ ಜರ್ಮನಿಯ ಕ್ಯೂಕೆಂಥಾಲ್ ಈ ಕುಲಕ್ಕೆ ಅಂತಲೇ ಒಂದು ಕುಟುಂಬ ಕಟ್ಟಿದರು, ಪ್ಯಾರಾಗಾರ್ಜಿಡೀ. ನೂರು ವರ್ಷಕ್ಕೂ ಜಾಸ್ತಿ ಅದು ನಡೆಯಿತು. ನಿಮಗೆ ಸಿಕ್ಕಿದ ಬಹಳಷ್ಟು ಮಾಹಿತಿ ಆ ಕಾಲದ್ದು.

2022ರಲ್ಲಿ ಕ್ಯಾಥರೀನ್ ಮೆಕ್‌ಫ್ಯಾಡೆನ್, ಲೀನ್ ವಾನ್ ಆಫ್‌ವೇಗನ್, ಆಂಡ್ರಿಯಾ ಕ್ವಾಟ್ರಿನಿ ಮೂವರೂ ಸೇರಿ ಎಂಟು ಕರಬಳ್ಳಿಯ (ಬಾಯಿಯ ಸುತ್ತ ಊಟ ಹಿಡಿಯುವ ಬಳ್ಳಿಯಂಥ ಕೈ) ಹವಳಗಳ ಇಡೀ ಮನೆಯನ್ನೇ ಕೆಡವಿ ಮತ್ತೆ ಕಟ್ಟಿದರು. ವಂಶವಾಹಿ ಓದಿ ಮಾಡಿದ ಕೆಲಸ. ಹಳೆಯ ಗಣಗಳು ಹೋದವು. ಈಗ ಎರಡೇ ಗಣ: ಮಲಕಾಲ್ಸಿಯೋನೇಸಿಯಾ ಮತ್ತು ಸ್ಕ್ಲೆರಾಲ್ಸಿಯೋನೇಸಿಯಾ. ಒಟ್ಟು 79 ಕುಟುಂಬ. ಅವುಗಳಲ್ಲಿ 18 ಹೊಸವು. ನಿಮ್ಮ ಬಬಲ್‌ಗಮ್ ಹವಳ ಈಗ ಕೊರಾಲಿಡೀ ಕುಟುಂಬದಲ್ಲಿದೆ.

ಒಂದು ತಮಾಷೆ ನೋಡಿ. ಸತ್ತವನ ಬೆರಳು ಮಲಕ ಗಣಕ್ಕೆ ಹೋಯಿತು. ಬಬಲ್‌ಗಮ್ ಸ್ಕ್ಲೆರ ಗಣಕ್ಕೆ. ಲಿನೇಯಸ್ ಒಂದೇ ಕುಲದಲ್ಲಿ ಕೂರಿಸಿದ್ದ ಎರಡು ಪ್ರಾಣಿಗಳು ಈಗ ಗಣದ ಮಟ್ಟದಲ್ಲೇ ಬೇರೆ.

ಅಜ್ಜಿಯ ಪೆಟ್ಟಿಗೆ

ಒಂದು ನಿಮಿಷ. ಕೊರಾಲಿಡೀ ಅಂದರೆ ಆಭರಣದ ಹವಳದ ಕುಟುಂಬ ಅಲ್ವಾ? ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಹವಳದ ಸರ ಇದೆ. ಅದೂ ಈ ಬಬಲ್‌ಗಮ್ಮೂ ನೆಂಟರಾ?

ಉಪ್ಪುನೀರು

ನೆಂಟರೇ! ನಾನು ಹೇಳಬೇಕೆಂದಿದ್ದ ಮಾತನ್ನು ನೀವೇ ಹೇಳಿದಿರಿ. ಸರದ ಕೆಂಪು ಹವಳ ಹೆಚ್ಚಾಗಿ ಕೊರಾಲಿಯಂ ರೂಬ್ರಂ, ಮೆಡಿಟರೇನಿಯನ್ ಕಡಲಿನದು. ಇಟಲಿಯ ನೇಪಲ್ಸ್ ಹತ್ತಿರ ಟೊರ್ರೆ ದೆಲ್ ಗ್ರೆಕೊ ಅನ್ನುವ ಊರು ಅದರ ಕೆತ್ತನೆಗೇ ಪ್ರಸಿದ್ಧ. ರೋಮನ್ ಕಾಲದಿಂದಲೂ ಆ ಹವಳ ಹಡಗು ಹತ್ತಿ ನಮ್ಮ ಕಡೆಗೆ ಬರುತ್ತಿತ್ತು. ನವರತ್ನದಲ್ಲಿ ಕೂತದ್ದು ಅದೇ. ಲಕ್ಷದ್ವೀಪದಲ್ಲಿ ದಿಬ್ಬ ಕಟ್ಟುವ ಹವಳ ಬೇರೆ ಪ್ರಾಣಿ. ಅದರ ಕರಬಳ್ಳಿಗಳು ಆರರ ಲೆಕ್ಕದಲ್ಲಿ ಬರುತ್ತವೆ. ಆಭರಣದ ಹವಳಕ್ಕೂ ಬಬಲ್‌ಗಮ್ಮಿಗೂ ಒಂದೊಂದು ಪಾಲಿಪ್‌ಗೆ (ಹವಳದ ಮೇಲಿರುವ ಹೂವಿನಂಥ ಪುಟ್ಟ ಜೀವಿ) ಎಂಟು ಕರಬಳ್ಳಿ, ಅದೂ ಗರಿಯ ಹಾಗೆ ಸೀಳಿದವು. ಕನ್ನಡದಲ್ಲಿ ಎಲ್ಲವನ್ನೂ ಹವಳ ಅಂದುಬಿಡುತ್ತೇವೆ, ಅದಕ್ಕೇ ಗೊಂದಲ.

ವ್ಯಾಕರಣದ ಮೇಷ್ಟ್ರು

ಗೊಂದಲ ಕನ್ನಡದ್ದಲ್ಲ ಸ್ವಾಮಿ. ಹವಳ ಅನ್ನುವ ಪದ ಮೊದಲಿಂದ ಆಭರಣದ ಹವಳಕ್ಕೇ ಸೇರಿದ್ದು. ದಿಬ್ಬದ ಹವಳಕ್ಕೆ ಅದನ್ನು ಎಳೆದು ತಂದದ್ದು ನಮ್ಮ ಪಠ್ಯಪುಸ್ತಕ. ಹಳಗನ್ನಡದಲ್ಲಿ ಪವಳ. ಪಾಲು ಹಾಲಾದಂತೆ ಪವಳ ಹವಳವಾಯಿತು. ಮೂಲ ಸಂಸ್ಕೃತದ ಪ್ರವಾಳ. ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಚಿಗುರು. ಅವರೂ ಅದನ್ನು ಗಿಡ ಅಂತಲೇ ನೋಡಿದ್ದರು ಅನ್ನಿ.

ಈಗ ನನ್ನ ಪ್ರಶ್ನೆ. ಲಿನೇಯಸ್ ಇಟ್ಟದ್ದು ಆರ್ಬೋರಿಯಂ. ಈಗಿನ ಹೆಸರು ಆರ್ಬೋರಿಯಾ. ಯಾರೋ ತಪ್ಪು ಬರೆದರೋ, ಅಥವಾ ಲಿಂಗ ಬದಲಾಯಿತೋ?

ಉಪ್ಪುನೀರು

ಲಿಂಗ ಬದಲಾಯಿತು ಮೇಷ್ಟ್ರೇ, ಸರಿಯಾಗಿ ಹಿಡಿದಿರಿ. ಆಲ್ಸಿಯೋನಿಯಂ ನಪುಂಸಕ ಲಿಂಗ, ಅದಕ್ಕೆ ಆರ್ಬೋರಿಯಂ. ಪ್ಯಾರಾಗಾರ್ಜಿಯಾ ಸ್ತ್ರೀಲಿಂಗ, ಅದಕ್ಕೆ ಆರ್ಬೋರಿಯಾ. ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಹೋದ ಮನೆಯ ಲಿಂಗಕ್ಕೆ ಹೊಂದಿಕೊಳ್ಳಬೇಕು ಅನ್ನುವುದು ನಿಯಮ. ಆದರೆ ವ್ಯಕ್ತಿಯ ಹೆಸರಿನಿಂದ ಬಂದಿದ್ದರೆ ಬದಲಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಒಂದು ಅಣಬೆಯಂಥ ಹವಳಕ್ಕೆ 1909ರಲ್ಲಿ ನಟಿಂಗ್ ಅನ್ನುವವರು ಅಂತೊಮಾಸ್ಟಸ್ ರಿಟ್ಟೆರಿ ಅಂತ ಹೆಸರಿಟ್ಟರು. ಆಮೇಲೆ ಅದು ಹೆಟೆರೋಪಾಲಿಪಸ್ ಕುಲಕ್ಕೆ ಹೋಯಿತು. ಆದರೂ ರಿಟ್ಟೆರಿ ರಿಟ್ಟೆರಿಯಾಗಿಯೇ ಉಳಿಯಿತು. ಅಂದರೆ "ರಿಟ್ಟರನ" ಅಂತ. ಷಷ್ಠಿ ವಿಭಕ್ತಿ.

ವ್ಯಾಕರಣದ ಮೇಷ್ಟ್ರು

ಷಷ್ಠಿ! ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಗೂಗಲಾಚಾರಿ

ಎರಡು ಕುಟುಂಬ ಸೇರಿಸುವಾಗ ಕೊರಾಲಿಡೀ ಹೆಸರೇ ಯಾಕೆ ಉಳಿಯಿತು? ಬಬಲ್‌ಗಮ್ ದೊಡ್ಡದು. ಆರು ಮೀಟರ್ ಎತ್ತರದ್ದೂ ಇದೆಯಂತೆ. ಅದರ ಹೆಸರು ಉಳಿಸಬಹುದಿತ್ತು.

ಉಪ್ಪುನೀರು

ದೊಡ್ಡದು ಚಿಕ್ಕದು ಲೆಕ್ಕಕ್ಕಿಲ್ಲ. ಮೊದಲು ಬಂದವನಿಗೆ ಸೀಟು. ಕೊರಾಲಿಡೀ ಹೆಸರು ಲಾಮೂರೂ ಇಟ್ಟದ್ದು 1812ರಲ್ಲಿ. ಪ್ಯಾರಾಗಾರ್ಜಿಡೀ 1916. ಎರಡೂ ಒಂದೇ ಅಂತಾದಾಗ ಹಳೆಯದು ಗೆಲ್ಲುತ್ತದೆ.

ಕುಂದಾಪ್ರ ಮಾಣಿ

ಡಿಎನ್‌ಎ ನೋಡಿ ಸೇರಿಸಿದರು ಅಂದಿರಿ. ಅದಕ್ಕೂ ಮೊದಲು ಯಾರಿಗೂ ಅನುಮಾನ ಬಂದಿರಲಿಲ್ಲವಾ? ಆಭರಣದ ಹವಳ ಕಲ್ಲಿನಂತೆ ಗಟ್ಟಿ. ಬಬಲ್‌ಗಮ್ ಅಷ್ಟು ಗಟ್ಟಿ ಇಲ್ಲ ಅಂತೀರಿ. ನನಗೆ ಇದು ಬಲವಂತದ ಮದುವೆ ಥರ ಕಾಣುತ್ತದೆ.

ಉಪ್ಪುನೀರು

ಅನುಮಾನ ಇತ್ತು. ಕಾರಣ ಆ ನಾನು ಕಣ್ಣು ಕೆಡಿಸಿಕೊಂಡ ಪುಡಿ.

ಈ ಪ್ರಾಣಿಗಳ ಮಾಂಸದೊಳಗೆ ಸುಣ್ಣದ ಸಣ್ಣ ಸಣ್ಣ ಕಣಗಳಿರುತ್ತವೆ. ಸ್ಕ್ಲೆರೈಟ್ ಅಂತ ಹೆಸರು. ಬರಿಗಣ್ಣಿಗೆ ಒಂದೊಂದಾಗಿ ಕಾಣುವುದಿಲ್ಲ. ಚೂರು ತುಂಡು ತೆಗೆದು ಬ್ಲೀಚ್‌ನಲ್ಲಿ ಹಾಕಿದರೆ ಮಾಂಸ ಕರಗುತ್ತದೆ, ಕಣ ಉಳಿಯುತ್ತದೆ. ತೊಳೆದು, ಒಣಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಕ್ಕರೆ ಮಿಠಾಯಿ ಅಂಗಡಿ ತೆರೆದ ಹಾಗೆ. ಕೆಲವು ಕಡ್ಡಿ, ಕೆಲವು ಗದೆ, ಕೆಲವು ಡಮರು. ಪ್ರಭೇದ ಗುರುತಿಸುವುದೇ ಈ ಆಕಾರಗಳಿಂದ.

ಬಬಲ್‌ಗಮ್ಮಿನ ಹೊರಚರ್ಮದ ಕಣ ನೋಡಿದರೆ ಮಧ್ಯದ ಗಿಡ್ಡ ಸೊಂಟದಿಂದ ಆರು, ಏಳು, ಎಂಟು ಗುಬುಟುಗಳು ಹೊರಗೆ ಬಂದಿರುತ್ತವೆ. ಆಭರಣದ ಹವಳದ ಹೊರಚರ್ಮದಲ್ಲೂ ಆರು, ಏಳು, ಎಂಟು ಗುಬುಟಿನ ಕಣಗಳೇ. ಇನ್ನೊಂದು ಹೋಲಿಕೆ. ಎರಡರಲ್ಲೂ ಪಾಲಿಪ್ ಎರಡು ಬಗೆ. ಒಂದು ದೊಡ್ಡದು, ಕರಬಳ್ಳಿ ಚಾಚಿ ಊಟ ಹಿಡಿಯುತ್ತದೆ. ಇನ್ನೊಂದು ಚಿಕ್ಕದು, ಒಳಗೆ ನೀರು ಓಡಾಡಿಸುವುದಷ್ಟೇ ಅದರ ಕೆಲಸ.

ವ್ಯತ್ಯಾಸ ಇರುವುದು ನಡುವಿನ ಕಡ್ಡಿಯಲ್ಲಿ. ಆಭರಣದ ಹವಳದಲ್ಲಿ ಕಣಗಳು ಬೆಸೆದು ಕಲ್ಲಾಗುತ್ತವೆ. ಅದನ್ನೇ ತಾನೇ ಅಕ್ಕಸಾಲಿ ಪಾಲಿಶ್ ಮಾಡುವುದು. ಬಬಲ್‌ಗಮ್ಮಿನಲ್ಲಿ ಕಣಗಳು ಬಿಡಿಬಿಡಿಯಾಗಿ ಒತ್ತಿಕೊಂಡಿರುತ್ತವೆ. ಬೆಸುಗೆ ಇಲ್ಲ. ಅದಕ್ಕೇ ಸರ ಮಾಡಲಾಗುವುದಿಲ್ಲ, ಮಾಡಿದರೆ ಪುಡಿಯಾಗುತ್ತದೆ.

ಮಾಣಿ, ನಿಮಗೆ ಇನ್ನೂ ಹೊಟ್ಟೆ ಉರಿಸುವ ವಿಷಯ ಹೇಳಲಾ? ಮೇಲೆ ಹೇಳಿದ ಅಂತೊಮಾಸ್ಟಸ್, ಹೆಟೆರೋಪಾಲಿಪಸ್ ಇವೆಯಲ್ಲ. ಆಳ ಸಮುದ್ರದ ಅಣಬೆ ಹವಳಗಳು. ನಡುವೆ ಕಡ್ಡಿಯೇ ಇಲ್ಲ, ಪೂರ್ತಿ ಮೆದು. ಅವೂ ಈಗ ಕೊರಾಲಿಡೀ ಕುಟುಂಬವೇ! ವಂಶವಾಹಿಯಲ್ಲಿ ಇವೆಲ್ಲ ಒಂದೇ ಕೊಂಬೆ ಅಂತ 2006ರಲ್ಲೇ ಕಂಡಿತ್ತು. ಆಗ ಅದಕ್ಕೆ ಅಂತೊಮಾಸ್ಟಸ್-ಕೊರಾಲಿಯಂ ಕೊಂಬೆ ಅಂತ ಅಡ್ಡಹೆಸರಿಟ್ಟು ಬಿಟ್ಟಿದ್ದರು. 2022ರಲ್ಲಿ ಅಡ್ಡಹೆಸರು ಹೋಗಿ ಕುಟುಂಬವಾಯಿತು.

ಕುಂದಾಪ್ರ ಮಾಣಿ

ಮೆದುವಾದ ಅಣಬೆ ಸ್ಕ್ಲೆರ, ಅಂದರೆ ಗಟ್ಟಿ, ಗಣದಲ್ಲಾ? ಹೆಸರಿಗೂ ಪ್ರಾಣಿಗೂ ಸಂಬಂಧ ಇಲ್ಲದ ಮೇಲೆ ಆ ಹೆಸರು ಯಾಕೆ ಇಡಬೇಕು?

ಉಪ್ಪುನೀರು

ಗಣದಲ್ಲಿ ಜಾಸ್ತಿ ಪ್ರಾಣಿಗಳು ಗಟ್ಟಿ, ಅದಕ್ಕೆ ಆ ಹೆಸರು. ಇದು ನನಗೂ ಪೂರ್ತಿ ಇಷ್ಟವಾಗದ ಸಂಗತಿ. ಗಟ್ಟಿ-ಮೆದು ಅಂತ ಗಣಕ್ಕೆ ಹೆಸರಿಟ್ಟರೆ ಓದುವವರು ಅದನ್ನೇ ಲಕ್ಷಣ ಅಂದುಕೊಳ್ಳುತ್ತಾರೆ. ಈಗ ನೀವು ಅಂದುಕೊಂಡಿರಲ್ಲ, ಹಾಗೆ. ಆದರೆ ವರ್ಗೀಕರಣದ ಬಗ್ಗೆ ನನಗೆ ತಕರಾರಿಲ್ಲ. ಗಟ್ಟಿ ಕಡ್ಡಿ ಬರುವುದು, ಹೋಗುವುದು ಈ ಪ್ರಾಣಿಗಳಲ್ಲಿ ಹಲವು ಸಲ ನಡೆದಿದೆ. ಬರೀ ಕಡ್ಡಿ ನೋಡಿ ಗುಂಪು ಮಾಡಿದವರೆಲ್ಲ ಎಡವಿದ್ದಾರೆ.

"ಮೆದು ಹವಳ ಹೌದೋ ಅಲ್ಲವೋ" ಅನ್ನುವುದಕ್ಕೂ ಇದೇ ಉತ್ತರ. ಹಿಂದೆ ಕಡ್ಡಿ ಇದ್ದವನ್ನು ಗಾರ್ಗೋನೇಸಿಯಾ ಅನ್ನುವ ಬೇರೆ ಗಣ ಮಾಡಿದ್ದರು. 1981ರಲ್ಲಿ ಅಮೆರಿಕದ ಫ್ರೆಡರಿಕ್ ಬೇಯರ್ ಅದನ್ನೂ ಮೆದು ಹವಳಗಳನ್ನೂ ಸೇರಿಸಿ ಒಂದೇ ಆಲ್ಸಿಯೋನೇಸಿಯಾ ಅಂದರು. ಅಂದಿನಿಂದ ಸಡಿಲ ಅರ್ಥದಲ್ಲಿ ಎಲ್ಲವೂ ಮೆದು ಹವಳ. ಕಟ್ಟುನಿಟ್ಟಾಗಿ ಹೇಳಿದರೆ ಬಬಲ್‌ಗಮ್ ಕಡಲ ಬೀಸಣಿಗೆಗಳ ಸಾಲಿನದು. ಚಾರ್ಟ್‌ನಲ್ಲಿ ಮೆದು ಹವಳ ಅಂತ ಬರೆದರೆ ಯಾರೂ ಜಗಳ ಆಡುವುದಿಲ್ಲ.

ಮಲ್ಪೆ ಬಂದರು

ಕಡಲ ಬೀಸಣಿಗೆ ಅಂದಿರಿ, ಒಂದು ಮಾತು. ನಮ್ಮ ಕಡೆ ಬಲೆಗೆ ಅದು ಬರುವುದುಂಟು. ಒಣಗಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಈಗ ಇಟ್ಟುಕೊಂಡರೆ ಕೇಸು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿದರು. ಅದರಲ್ಲಿ "ಎಲ್ಲ ಗಾರ್ಗೋನಿಯನ್‌ಗಳು" ಅಂತ ಇತ್ತು. ಈಗ ನೀವು ಗಾರ್ಗೋನಿಯನ್ ಅನ್ನುವ ಗಣವೇ ಇಲ್ಲ ಅಂತೀರಿ. ವಕೀಲರಿಗೆ ಹಬ್ಬ.

ಉಪ್ಪುನೀರು

ಹಹ್ಹಾ, ಹೌದು. ಆದರೆ ಕಾಯ್ದೆ ಬರೆದ 2001ರಲ್ಲೂ ಆ ಗಣ ಇರಲಿಲ್ಲ, ಬೇಯರ್ ಇಪ್ಪತ್ತು ವರ್ಷ ಮೊದಲೇ ತೆಗೆದಿದ್ದರು. ಕಾನೂನು ಬಳಕೆಯ ಹೆಸರಿನ ಮೇಲೆ ನಿಂತಿದೆ. ದಯವಿಟ್ಟು ಯಾರೂ "ಅಂಥ ಗಣವೇ ಇಲ್ಲ" ಅಂತ ವಾದಿಸಿ ಮನೆಗೆ ತರಬೇಡಿ.

ಟ್ರೊಂಡ್‌ಹೈಮ್‌ನಿಂದ

ತಡವಾಗಿ ನೋಡಿದೆ. ನಾನು ನಾರ್ವೆಯಲ್ಲಿ ಕೆಲಸಕ್ಕಿದ್ದೇನೆ, ಊರು ಶಿರಸಿ. ಇಲ್ಲಿಯವರು ಈ ಹವಳವನ್ನು ಶೋತ್ರೆ ಅನ್ನುತ್ತಾರೆ. ಶೋ ಅಂದರೆ ಕಡಲು, ತ್ರೆ ಅಂದರೆ ಮರ. ಕಡಲಮರ! ಕನ್ನಡಕ್ಕೆ ಸೀದಾ ಇಳಿಯುತ್ತದೆ. ಬಬಲ್‌ಗಮ್ ಹವಳ ಅನ್ನುವುದಕ್ಕಿಂತ ನನಗೆ ಇದೇ ಚಂದ. ಲಿನೇಯಸ್‌ನ ಆರ್ಬೋರಿಯಂ ಕೂಡ ಅದೇ ಮಾತು.

ನಮ್ಮ ಫ್ಯೋರ್ಡ್‌ನಲ್ಲಿ, ಅಂದರೆ ನೆಲದೊಳಗೆ ಚಾಚಿದ ಕಡಲ ತೋಳಿನಲ್ಲಿ, ಟೌಟ್ರಾ ಅನ್ನುವ ದ್ವೀಪದ ಹತ್ತಿರ ಆಳ ಸಮುದ್ರದ ಕಲ್ಲು ಹವಳದ ದಿಬ್ಬ ಬರೀ 39 ಮೀಟರ್ ಆಳದಲ್ಲಿದೆ. ಕಡಲಮರವೂ ಅಂಥ ಜಾಗಗಳಲ್ಲಿ ಬೆಳೆಯುತ್ತದೆ. ಕೆಂಪೂ ಇದೆ, ಬಿಳಿಯೂ ಇದೆ. ಬಣ್ಣ ಬೇರೆಯಾದರೆ ಪ್ರಭೇದ ಬೇರೆಯಾ?

ಉಪ್ಪುನೀರು

ಅಲ್ಲ. ಎರಡೂ ಆರ್ಬೋರಿಯಾವೇ. ಬಣ್ಣ ನಂಬಿ ಹೆಸರಿಟ್ಟರೆ ದಾಸವಾಳಕ್ಕೂ ಹತ್ತು ಪ್ರಭೇದ ಆದೀತು.

ಕಡಲಮರ ಅನ್ನುವ ಹೆಸರಿಗೆ ನನ್ನ ಓಟು.

ವ್ಯಾಕರಣದ ಮೇಷ್ಟ್ರು

ನನ್ನದೂ. ಮೃದುಪ್ರವಾಳ ಗಿವಾಳ ಅಂತ ಯಾರೂ ಶುರು ಮಾಡದಿದ್ದರೆ ಸಾಕು.

ಚಾರ್ಟ್‌ಪೇಪರ್ ಅಪ್ಪ

ಮಗಳಿಗೆ ಓದಿ ಹೇಳಿದೆ. ಕಡಲಮರ ಅಂತ ದೊಡ್ಡಕ್ಷರದಲ್ಲಿ ಬರೆದಾಯಿತು. ಅವಳು ನೋಡಿದ ವಿಡಿಯೋ ಕ್ಯಾಲಿಫೋರ್ನಿಯಾ ಕಡೆಯ ಡೇವಿಡ್‌ಸನ್ ಅನ್ನುವ ಮುಳುಗಿದ ಬೆಟ್ಟದ್ದು. ಚಿತ್ರದ ಕೆಳಗೆ ಪ್ಯಾರಾಗಾರ್ಜಿಯಾ ಆರ್ಬೋರಿಯಾ ಅಂತ ಹಾಕಿದ್ದಾಳೆ. ಸರಿ ತಾನೇ?

ಉಪ್ಪುನೀರು

ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತೇ! ಪೆಸಿಫಿಕ್‌ನದು ಅಂದರೆ ಸ್ವಲ್ಪ ನಿಲ್ಲಿ. ವಿಡಿಯೋ ನೋಡಿ ಕುಲ ಹೇಳಬಹುದು, ಪ್ರಭೇದ ಹೇಳಲಾಗದು. ಆ ಬೆಟ್ಟದ ನೆತ್ತಿಯೇ ನೀರಿನಿಂದ ಸುಮಾರು 1,250 ಮೀಟರ್ ಕೆಳಗಿದೆ. ಅಲ್ಲಿ ಓಡಾಡುವುದು ಯಂತ್ರ. ತುಂಡು ಮೇಲೆ ತಂದು ಕಣ ನೋಡುವವರೆಗೆ ಯಾವ ಪ್ರಭೇದ ಅನ್ನುವುದು ಊಹೆ.

ಇನ್ನೊಂದು ತೊಡಕು. ಉತ್ತರ ಪೆಸಿಫಿಕ್‌ನ ಮರಗಳಿಗೆ ವೆರಿಲ್ 1922ರಲ್ಲಿ ಪೆಸಿಫಿಕಾ ಅನ್ನುವ ಹೆಸರು ಕೊಟ್ಟಿದ್ದರು. ಅವು ಅಟ್ಲಾಂಟಿಕ್‌ನ ಮರವೇನಾ ಬೇರೆಯಾ ಅನ್ನುವ ಮಾತು ಹಳೆಯದು. 2012ರಲ್ಲಿ ಬಂದ ಒಂದು ವಂಶವಾಹಿ ಅಧ್ಯಯನ ಒಂದೊಂದು ಸಾಗರದ ಗುಂಪೂ ಇನ್ನೊಂದಕ್ಕಿಂತ ಸ್ವಲ್ಪ ಬೇರೆ ಅಂತ ತೋರಿಸಿತು. ಎಷ್ಟು ಬೇರೆಯಾದರೆ ಬೇರೆ ಹೆಸರು ಕೊಡಬೇಕು? ಇಲ್ಲಿ ಈ ಪ್ರಾಣಿಗಳು ಆಟ ಆಡಿಸುತ್ತವೆ. ಮೀನಿಗೆ, ಚಿಟ್ಟೆಗೆ ಮೈಟೊಕಾಂಡ್ರಿಯಾದ ಒಂದು ಚೂರು ಓದಿ ಪ್ರಭೇದ ಹೇಳುತ್ತಾರಲ್ಲ, ಬಾರ್‌ಕೋಡ್ ಥರ. ಎಂಟು ಕರಬಳ್ಳಿಯ ಹವಳಗಳಲ್ಲಿ ಆ ಚೂರು ಬಹಳ ನಿಧಾನವಾಗಿ ಬದಲಾಗುತ್ತದೆ. ಅವುಗಳ ಮೈಟೊಕಾಂಡ್ರಿಯಾದಲ್ಲಿ ಮಟ್‌ಎಸ್ ಅನ್ನುವ ಒಂದು ಹೆಚ್ಚುವರಿ ಜೀನ್ ಇದೆ, ತಪ್ಪು ತಿದ್ದುವ ಕೆಲಸ ಅದರದೇ ಇರಬೇಕು ಅನ್ನುತ್ತಾರೆ. ಎರಡು ಬೇರೆ ಪ್ರಭೇದಗಳಿಗೂ ಒಂದೇ ಬಾರ್‌ಕೋಡ್ ಬಂದುಬಿಡುತ್ತದೆ. ಅದಕ್ಕೇ 2022ರ ಕೆಲಸಕ್ಕೆ ಜೀವಕೋಶದ ಕೇಂದ್ರದಿಂದ ನೂರಾರು ಚೂರು ಓದಬೇಕಾಯಿತು.

ಎರಡು ದಾರಿ. ಆ ಚಿತ್ರವನ್ನೇ ಇಟ್ಟುಕೊಂಡು ಬರೀ ಪ್ಯಾರಾಗಾರ್ಜಿಯಾ ಅಂತ ಬರೆಯಿರಿ. ಇಲ್ಲವೇ ನಾರ್ವೆಯ ಮರ ಬಿಡಿಸಿ.

ಟ್ರೊಂಡ್‌ಹೈಮ್‌ನಿಂದ

ನಾರ್ವೆಯದ್ದೇ ಬಿಡಿಸಲಿ. ಕೊಂಬೆಯ ಮೇಲೆ ಬುಟ್ಟಿ ನಕ್ಷತ್ರವನ್ನೂ (ನಕ್ಷತ್ರಮೀನಿನ ನೆಂಟ) ಕೂರಿಸಲು ಹೇಳಿ. ಅದು ಈ ಮರ ಹತ್ತಿ ತೋಳು ಬಿಚ್ಚಿ ಊಟ ಹಿಡಿಯುತ್ತದೆ. ಚಿತ್ರ ಚಂದ ಕಾಣುತ್ತದೆ.

ಗೂಗಲಾಚಾರಿ

ಇಷ್ಟೆಲ್ಲ ಲ್ಯಾಟಿನ್, ಲಿಂಗ, ವಿಭಕ್ತಿ ಅಂತೀರಿ. 2025ರಲ್ಲಿ ಒಂದು ಹವಳಕ್ಕೆ ಚ್ಯೂಬಾಕಾ ಅಂತ ಹೆಸರಿಟ್ಟರಲ್ಲ, ಸ್ಟಾರ್ ವಾರ್ಸ್‌ನ ಕೂದಲ ರಾಕ್ಷಸ! ಅದು ಯಾವ ವಿಭಕ್ತಿ?

ಉಪ್ಪುನೀರು

ಇರಿಡೋಗಾರ್ಜಿಯಾ ಚ್ಯೂಬಾಕಾ. ನಿಯಮ ಅದಕ್ಕೂ ಬಿಡುತ್ತದೆ. ಅದು ವಿಶೇಷಣ ಅಲ್ಲ, ಕುಲದ ಹೆಸರಿನ ಪಕ್ಕ ಸುಮ್ನೆ ಕೂತ ನಾಮಪದ. ಲಿಂಗ ಬದಲಾಯಿಸುವ ತಲೆನೋವಿಲ್ಲ. ಉದ್ದನೆಯ ಬಳುಕುವ ಕೊಂಬೆಗಳು ಕೂದಲಿನ ಹಾಗೆ ಕಾಣುತ್ತವೆ, ಅದಕ್ಕೆ ಆ ಹೆಸರು. ನೀವು ಗಮನಿಸಬೇಕಾದದ್ದು ಇನ್ನೊಂದು. ಹವಾಯಿಯ ಮೊಲೊಕಾಯ್ ಹತ್ತಿರ ಅದು ಮೊದಲು ಕಂಡದ್ದು 2006ರಲ್ಲಿ. ಮರಿಯಾನಾ ಕಂದಕದ ಬಳಿ ಮತ್ತೊಂದು ಕಂಡದ್ದು 2016ರಲ್ಲಿ. ಹೆಸರು ಬಂದದ್ದು 2025ರಲ್ಲಿ. ಕಂಡ ತಕ್ಷಣ ಹೆಸರಿಡುವ ಹಾಗಿಲ್ಲ. ಯಾವ ತುಂಡಿನ ಮೇಲೆ ಹೆಸರು ನಿಂತಿದೆಯೋ ಅದನ್ನು ಸಂಗ್ರಹಾಲಯದಲ್ಲಿ ಇಟ್ಟು ತೋರಿಸಬೇಕು, ಹತ್ತಿರದ ನೆಂಟರಿಗಿಂತ ಹೇಗೆ ಬೇರೆ ಅಂತ ಬರೆದು ಪ್ರಕಟಿಸಬೇಕು.

ಚಾರ್ಟ್‌ಪೇಪರ್ ಅಪ್ಪ

ಕೊನೆಯ ಸಲ ನೋಡಿ ಹೇಳಿಬಿಡಿ. ಮಗಳು ಬರೆದದ್ದು:

ಕಡಲಮರ. ಪ್ಯಾರಾಗಾರ್ಜಿಯಾ ಆರ್ಬೋರಿಯಾ, ಲಿನೇಯಸ್, 1758. ವರ್ಗ ಆಕ್ಟೋಕೊರಾಲಿಯಾ. ಗಣ ಸ್ಕ್ಲೆರಾಲ್ಸಿಯೋನೇಸಿಯಾ. ಕುಟುಂಬ ಕೊರಾಲಿಡೀ, ಅಜ್ಜಿಯ ಹವಳದ ಸರದ ಕುಟುಂಬ.

ಉಪ್ಪುನೀರು

ಕೊನೆಯ ಸಾಲಿಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಒಂದೇ ತಪ್ಪು. ಲಿನೇಯಸ್, 1758 ಅನ್ನುವುದನ್ನು ಬ್ರಾಕೆಟ್ಟಿನ ಒಳಗೆ ಹಾಕಬೇಕು: ಪ್ಯಾರಾಗಾರ್ಜಿಯಾ ಆರ್ಬೋರಿಯಾ (ಲಿನೇಯಸ್, 1758). ಪ್ರಭೇದಕ್ಕೆ ಹೆಸರಿಟ್ಟವನು ಲಿನೇಯಸ್ ಹೌದು, ಆದರೆ ಆತ ಇಟ್ಟದ್ದು ಬೇರೆ ಕುಲದಲ್ಲಿ, ಆಮೇಲೆ ಮನೆ ಬದಲಾಗಿದೆ ಅಂತ ಆ ಬ್ರಾಕೆಟ್ ಹೇಳುತ್ತದೆ. ಸತ್ತವನ ಬೆರಳು ಇಂದಿಗೂ ಆಲ್ಸಿಯೋನಿಯಂ ಕುಲದಲ್ಲೇ ಇದೆ. ಅದಕ್ಕೆ ಬ್ರಾಕೆಟ್ ಇಲ್ಲ.

ಅಜ್ಜಿಯ ಪೆಟ್ಟಿಗೆ

ಹಾಗಾದರೆ ನಮ್ಮ ಸರದ್ದು? ಕೊರಾಲಿಯಂ ರೂಬ್ರಂ?

ಉಪ್ಪುನೀರು

ಅದಕ್ಕೂ ಬ್ರಾಕೆಟ್ ಇದೆ. ಲಿನೇಯಸ್ ಅದನ್ನು ಕಲ್ಲು ಹವಳಗಳ ಜೊತೆ ಸೇರಿಸಿ ಮ್ಯಾಡ್ರೆಪೋರಾ ರೂಬ್ರಾ ಅಂದಿದ್ದ. ಅಲ್ಲಿಂದ ಕೊರಾಲಿಯಂಗೆ ಬಂದು ರೂಬ್ರಾ ಹೋಗಿ ರೂಬ್ರಂ ಆಯಿತು. ಮೇಷ್ಟ್ರೇ, ಈ ಸಲ ಸ್ತ್ರೀಲಿಂಗದಿಂದ ನಪುಂಸಕಕ್ಕೆ!

ಚಾರ್ಟ್‌ಪೇಪರ್ ಅಪ್ಪ

ಮಂಗಳವಾರದ ವರದಿ. ಚಾರ್ಟ್ ವಾಪಸ್ ಬಂತು. ಬ್ರಾಕೆಟ್ಟಿನ ಸುತ್ತ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ "ಬೇಡ" ಅಂತ ಬರೆದಿದ್ದರು. ಮಗಳು ಸ್ಟಾಫ್ ರೂಮಿಗೇ ಹೋಗಿ ಸತ್ತವನ ಬೆರಳಿನಿಂದ ಶುರು ಮಾಡಿ ಹದಿನೈದು ನಿಮಿಷ ಮಾತಾಡಿ ಬಂದಿದ್ದಾಳೆ. "ಬೇಡ" ಅನ್ನುವುದರ ಮೇಲೆ ಈಗ ವೈಟ್ನರ್ ಇದೆ.